ಸೀರೆ ಉಟ್ಟ ದ್ವೀಪದಕ್ಕ

ಅಮ್ಮನ ತಿಳಿನೀಲಿ ಸೀರೆಯ ಸೆರಗಿಗೆ ಅಕ್ಕ ಚುಚ್ಚಿದ ಪಿನ್ನಿನ ತುದಿ ಒಂದಿಷ್ಟೇ ಹೊರಗೆ ಬಂದಿತ್ತು. ಅದು ಸೀರೆ ಉಟ್ಟವಳ ಭುಜಕ್ಕೆ ತಾಗುತ್ತಿತ್ತು. ಅವಳು ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದುಕೊಂಡು ಕನ್ನಡಿಯ ಮುಂದೆ ನಿಂತಿದ್ದಳು. ಮುಟ್ಟಿದರೆ ಸೀರೆ ಬಿಚ್ಚಿಹೋದೀತು ಎಂಬಂತೆ.

ಮಕ್ಕಳೇ, ನಾನು ಚಿಕ್ಕವಳಿದ್ದಾಗ ನಾವೂ ನಿಮ್ಮ ಹಾಗೆ ಕುವೈತಿನಲ್ಲೇ ಇದ್ದೆವು. ನೀವೀಗ ಎಗೈಲಾದಲ್ಲಿದ್ದೀರಿ, ನಮ್ಮದು ಬ್ನೇದ್ ಅಲ್ ಗಾರ್‌ನಲ್ಲಿ ಎರಡು ಕೋಣೆಯ ಫ್ಲ್ಯಾಟು. ನನಗೆ ಹನ್ನೊಂದು ವರ್ಷ. ನಿಮ್ಮ ಅಜ್ಜಿ, ಎಂದರೆ ನನ್ನ ಅಕ್ಕ, ಆಗಷ್ಟೇ ಶಾಲೆ ಮುಗಿಸಿದ್ದಳು. ಅಮ್ಮ ಪುಟ್ಟ ತಮ್ಮನನ್ನು ಕರೆದುಕೊಂಡು ರಜೆಗೆ ಮಂಗಳೂರಿಗೆ ಹೋಗಿದ್ದರು. ಅವರು ಹೋದ ಮೇಲೆ, ೧೯೯೦ರ ಆಗಸ್ಟಿನಲ್ಲಿ, ಇರಾಕಿನ ಸೈನ್ಯ ಒಳಗೆ ಬಂತು. ವಿಮಾನಗಳು ನಿಂತವು. ಊರಿಗೆ ಫೋನು ಹೋಗುವುದು ನಿಂತಿತು. ಅಪ್ಪನ ಆಫೀಸು ಎಲ್ಲರ ಪಾಸ್‌ಪೋರ್ಟುಗಳನ್ನೂ ಅವರವರ ಕೈಗೆ ಕೊಟ್ಟು ಬಾಗಿಲು ಹಾಕಿತು.

ಆ ದಿನಗಳಲ್ಲಿ ಮನೆಯಲ್ಲಿ ಯಾರಿಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಪ್ಪ ಪರದೆ ಸರಿಸಿ ಬೀದಿ ನೋಡುತ್ತಿದ್ದರು, ರೇಡಿಯೋದ ಮುಳ್ಳು ತಿರುಗಿಸುತ್ತಿದ್ದರು, ಮತ್ತೆ ಪರದೆಯ ಹತ್ತಿರ ಹೋಗುತ್ತಿದ್ದರು. ಕೆಳಗೆ ಎತ್ತದೆ ಬಿಟ್ಟ ಕಸದ ವಾಸನೆ ಸಮುದ್ರದ ಗಾಳಿಯೊಂದಿಗೆ ಮೂರನೇ ಮಹಡಿಗೂ ಬರುತ್ತಿತ್ತು. ನಾನು ಒಂದೇ ಪುಸ್ತಕದ ಒಂದೇ ಪುಟವನ್ನು ಓದಿ, ಎದ್ದು, ನೀರು ಕುಡಿದು, ಮತ್ತೆ ಅದೇ ಪುಟಕ್ಕೆ ಬರುತ್ತಿದ್ದೆ.

ಸೀರೆ ಉಟ್ಟವಳು ನಮ್ಮವಳಲ್ಲ. ಫಿಲಿಪ್ಪೀನ್ಸಿನ ಕಮಿಗೀನ್ ಎಂಬ ಪುಟ್ಟ ದ್ವೀಪದವಳು. ನಾನು ಅವಳನ್ನು ದ್ವೀಪದಕ್ಕ ಎಂದು ಕರೆಯುತ್ತಿದ್ದೆ. ಕುವೈತಿನ ಇನ್ನೊಂದು ಬಡಾವಣೆಯಾದ ಸಲ್ವಾದ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಚರ್ಚಿನಲ್ಲಿ ಹಾಡುವವರ ಸಾಲಿನಲ್ಲಿ ಅಕ್ಕನ ಪಕ್ಕ ನಿಲ್ಲುತ್ತಿದ್ದಳು. ಅವಳ ಯಜಮಾನರ ಕುಟುಂಬ ಬೇಸಿಗೆ ಕಳೆಯಲು ಹೊರದೇಶಕ್ಕೆ ಹೋದದ್ದು ಅಲ್ಲೇ ಉಳಿಯಿತು. ಆ ದೊಡ್ಡ ಮನೆಯಲ್ಲಿ ಒಬ್ಬಳೇ ಇರಲಾರದೆ, ಅಡುಗೆಮನೆಯ ಹಿಂಬಾಗಿಲಿಗೆ ಬೀಗ ಹಾಕಿ, ಒಂದು ಕೈಚೀಲ ಹಿಡಿದು ನಮ್ಮಲ್ಲಿಗೆ ಬಂದಿದ್ದಳು. ಬಂದ ದಿನದಿಂದ ಸಂಜೆಯ ತೇರ್ಸಿಗೆ ನಮ್ಮ ಜೊತೆ ಮೊಣಕಾಲೂರುತ್ತಿದ್ದಳು. ತೇರ್ಸು ಎಂದರೆ ಗೊತ್ತಲ್ಲ, ನಮ್ಮ ಮನೆಗಳಲ್ಲಿ ಜಪಮಾಲೆ ಹಿಡಿದು ಕೊಂಕಣಿಯಲ್ಲಿ ಹೇಳುವ ಪ್ರಾರ್ಥನೆ. ಅರ್ಥ ಗೊತ್ತಿಲ್ಲದಿದ್ದರೂ ಅವಳು ಒಂದೊಂದೇ ಸಾಲು ಕಲಿತುಬಿಟ್ಟಳು.

ಅವಳ ದೇಶದವರನ್ನು ಕರೆದೊಯ್ಯುವ ಬಸ್ಸು, ಸೀರೆ ಉಡಿಸಿದ ಆ ದಿನದ ಮರುದಿನ ಬೆಳಿಗ್ಗೆ ಹೊರಡುವುದಿತ್ತು. ಪಾಸ್‌ಪೋರ್ಟ್ ಇಲ್ಲದವರನ್ನು ಗಡಿಯಲ್ಲಿ ಇಳಿಸುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಅವಳದ್ದು ಅವಳ ಬಳಿ ಇರಲಿಲ್ಲ. ಮನೆಗೆಲಸಕ್ಕೆ ಬಂದವರ ಪಾಸ್‌ಪೋರ್ಟನ್ನು ಕಫೀಲ್, ಎಂದರೆ ಕೆಲಸಕ್ಕೆ ಕರೆಸಿಕೊಂಡ ಯಜಮಾನ, ತನ್ನ ಬಳಿ ಇಟ್ಟುಕೊಳ್ಳುವುದು ರೂಢಿ. ಅದು ಸಲ್ವಾದ ಮನೆಯ ಕಪಾಟಿನಲ್ಲಿತ್ತು. ಅವಳು ನಮ್ಮಲ್ಲಿಗೆ ಬಂದ ಮೇಲೆ ದಾರಿಯುದ್ದಕ್ಕೂ ಸೈನಿಕರು ನಿಂತಿದ್ದರು. ಒಬ್ಬಳೇ ಹೆಂಗಸು ಹೋಗುವಂತಿರಲಿಲ್ಲ. ಭಾರತದವರನ್ನು ಅವರು ಅಷ್ಟಾಗಿ ತಡೆಯುತ್ತಿರಲಿಲ್ಲ, ಅಪ್ಪನ ಹೆಂಡತಿಯಂತೆ ಸೀರೆ ಉಟ್ಟು ಕಾರಿನಲ್ಲಿ ಕೂತರೆ ಬಿಟ್ಟಾರು ಎಂಬುದು ಅಕ್ಕನ ಯೋಚನೆ.

“ಚಿಕ್ಕವಳೂ ಬರಲಿ. ಮಕ್ಕಳಿದ್ದ ಕಾರನ್ನು ಅವರು ಜಾಸ್ತಿ ಹೊತ್ತು ನಿಲ್ಲಿಸುದಿಲ್ಲ,” ಅಂದರು ಅಪ್ಪ.

“ಇವಳಿಗೆ ಎಂತಾದ್ರೂ ಆದ್ರೆ ಅಮ್ಮನಿಗೆ ಎಂತ ಹೇಳ್ತೀರಿ?” ಅಂದಳು ಅಕ್ಕ.

“ಎಂತ ಸಹ ಆಗುದಿಲ್ಲ.” ಹಾಗೆ ಹೇಳಿ ಅಪ್ಪ ಎಡಗಾಲಿನ ಶೂವಿಗೆ ಬಲಗಾಲು ತೂರಿಸಲು ಹೋದರು.

ಕಾರಿನ ಸೀಟು ಕಾದ ಕಾವಲಿಯ ಹಾಗಿತ್ತು. ದ್ವೀಪದಕ್ಕ ಅಪ್ಪನ ಪಕ್ಕ ಕೂತಳು. ನಾನು ಹಿಂದಿನಿಂದ ಇಬ್ಬರ ನಡುವೆ ತಲೆ ತೂರಿಸಿದೆ. ಅವಳು ಹಿಂದಕ್ಕೆ ಕೈ ಚಾಚಿ ನನ್ನ ಅಂಗೈ ಬಿಡಿಸಿ ಅದರ ಮೇಲೆ ಉಗುರಿನಿಂದ ಗೆರೆ ಎಳೆಯತೊಡಗಿದಳು. ಇಂಗ್ಲಿಷಿನಲ್ಲಿ ಅವಳು ಹೇಳಿದ್ದನ್ನು ಇಲ್ಲಿ ಕನ್ನಡ ಮಾಡುತ್ತಿದ್ದೇನೆ.

ಅವಳ ದ್ವೀಪ ಪೇರ್ ಹಣ್ಣಿನ ಆಕಾರದ್ದು. ದಂಡೆಗುಂಟ ಒಂದೇ ರಸ್ತೆ. ಹೊರಟಲ್ಲಿಂದ ಮುಂದೆ ಮುಂದೆ ಹೋದರೆ ಹೊರಟಲ್ಲಿಗೇ ಬರುತ್ತೀರಿ. ನಡುವೆ ಬೆಂಕಿಬೆಟ್ಟಗಳು, ಊರುಗಳಿಗಿಂತ ಅವೇ ಹೆಚ್ಚು. ಸ್ಪೇನಿನವರು ಬಂದು ಕಲ್ಲಿನ ಚರ್ಚು ಕಟ್ಟಿಸಿದರು. ಕಡಲ ದರೋಡೆಕೋರರು ಬಂದರೆ ಕಾಣಲೆಂದು ಕಾವಲು ಗೋಪುರ ಎಬ್ಬಿಸಿದರು. ಕಲ್ಲು ಹೊತ್ತವರು ಅವಳ ಮುತ್ತಜ್ಜನ ಕಾಲದವರು, ಕೂಲಿ ಇಲ್ಲದೆ. ಇಡೀ ದೇಶಕ್ಕೆ ತಮ್ಮ ರಾಜನ ಹೆಸರಿಟ್ಟರು.

“ಆ ರಾಜ ನಮ್ಮ ಸಮುದ್ರ ಒಂದು ಸಲವೂ ನೋಡಿಲ್ಲ,” ಅಂದಳು. “ಆಮೇಲೆ ಒಂದು ಬೆಟ್ಟ ಸಿಡಿಯಿತು. ಊರು ಹಾಳಾಯಿತು, ಸ್ಮಶಾನ ಕಡಲಿಗೆ ಇಳಿಯಿತು. ಈಗ ಅಲ್ಲಿ ನೀರಿನ ನಡುವೆ ದೊಡ್ಡ ಶಿಲುಬೆ ನಿಲ್ಲಿಸಿದ್ದಾರೆ. ಮೀನು ಹಿಡಿಯುವವರು ಅದರ ಪಕ್ಕದಲ್ಲೇ ದೋಣಿ ನಡೆಸುತ್ತಾರೆ.”

“ಸ್ಪೇನಿನವರು ಹೋದರಾ?” ಅಂತ ನಾನು ಕೇಳಿದೆ.

“ಅವರು ನಮ್ಮನ್ನು ಅಮೆರಿಕದವರಿಗೆ ಮಾರಿ ಹೋದರು. ನಮ್ಮ ಹತ್ತಿರ ಯಾರೂ ಕೇಳಲಿಲ್ಲ. ಅಮೆರಿಕದವರು ಶಾಲೆ ತೆರೆದರು. ನಡುವೆ ಜಪಾನಿನವರು ಬಂದರು. ನನ್ನ ಅಜ್ಜಿ ಬೆಟ್ಟದ ಕಾಡಿನಲ್ಲಿ ಅಡಗಿದ್ದಳು.” ಅವಳು ಕಿಟಕಿಯಾಚೆ ಸುಟ್ಟು ನಿಂತ ಬಸ್ಸನ್ನು ನೋಡಿದಳು. “ಯಾರು ಬಂದರೂ ಮೊದಲು ಹೆಸರು ಬದಲಿಸುತ್ತಾರೆ. ಇಲ್ಲಿಯೂ ನೋಡು, ರಸ್ತೆಯ ಫಲಕಗಳನ್ನೆಲ್ಲ ಕಿತ್ತುಹಾಕಿದ್ದಾರೆ.”

ಫಲಕ ಕಿತ್ತವರು ಊರಿನವರೇ, ಬಂದ ಸೈನ್ಯ ದಾರಿ ತಪ್ಪಲಿ ಎಂದು, ಅಂತ ಅಪ್ಪ ತಿದ್ದಿದರು. ಅವಳಿಗೆ ಅದು ಬಹಳ ಹಿಡಿಸಿತು. “ನಮ್ಮ ದ್ವೀಪದವರಿಗೆ ಇದು ಹೊಳೆಯಲೇ ಇಲ್ಲ, ಸರ್,” ಅಂದಳು.

ಸಲ್ವಾಕ್ಕೆ ತಿರುಗುವಲ್ಲಿ ಸೈನಿಕರು ನಮ್ಮ ಕಾರು ನಿಲ್ಲಿಸಿದರು. ಹತ್ತಿರ ಬಂದ ಸೈನಿಕ ತೀರಾ ಎಳೆಯವನು, ಬೂಟಿಗೆ ಲೇಸಿರಲಿಲ್ಲ. ಕಿಟಕಿಯೊಳಗೆ ಬಗ್ಗಿದಾಗ ಬೆವರಿನ, ಸಿಗರೇಟಿನ ವಾಸನೆ ಬಂತು.

“ಹಿಂದಿ?” ಅಂದ. ಅರಬ್ಬಿಯಲ್ಲಿ ಭಾರತೀಯರಿಗೆ ಹಾಗೆ ಹೇಳುತ್ತಾರೆ.

ಹೌದು, ಇವಳು ನನ್ನ ಮದಾಮ್, ಅವಳು ಮಗಳು, ಎಂದರು ಅಪ್ಪ. ಸೈನಿಕ ಸೀರೆ ನೋಡಿದ. ಮುಖ ನೋಡಿದ. ಮತ್ತೆ ಸೀರೆ ನೋಡಿದ. ಅವಳಿರುವ ಬದಿಗೆ ಬಂದು ಕಾರಿನ ಬಾಗಿಲಿಗೆ ಕೈ ಹಾಕಿ, ಭಾರತದವಳಾದರೆ ಒಂದು ಸಿನಿಮಾ ಹಾಡು ಹೇಳಲಿ ಅಂದ. ಹಿಂದಿ ಸಿನಿಮಾ ಅವನ ಊರಿನಲ್ಲೂ ಓಡುತ್ತಿತ್ತಂತೆ.

“ಮದಾಮಿಗೆ ನಾಚಿಕೆ, ಭಾಯಿ,” ಅಂದರು ಅಪ್ಪ. ಸೈನಿಕ ನಗಲಿಲ್ಲ. ಬಾಗಿಲು ತೆರೆಯಿತು. ನಾನೇ ಒಂದು ಹಾಡು ಹೇಳಲೆಂದು ಬಾಯಿ ತೆರೆದೆ.

ಅಷ್ಟರಲ್ಲಿ ದ್ವೀಪದಕ್ಕ ಹಾಡಿದಳು. ಸೆರಗನ್ನು ಮುಷ್ಟಿಯಲ್ಲಿ ಹಿಡಿದು, ಎದುರಿನ ಗಾಜನ್ನೇ ನೋಡುತ್ತ, ನಮ್ಮ ತೇರ್ಸಿನ ಕೊನೆಯಲ್ಲಿ ಮಾತೆ ಮರಿಯಮ್ಮನಿಗೆ ಹಾಡುವ ಕೊಂಕಣಿ ಹಾಡನ್ನು ಹಾಡಿದಳು. ಮೆಲ್ಲಗೆ ಶುರುಮಾಡಿ, ಎರಡನೇ ಸಾಲಿಗೆ ಚರ್ಚಿನಲ್ಲಿ ಹಾಡುವಷ್ಟೇ ದೊಡ್ಡ ದನಿಯಲ್ಲಿ. ಸೈನಿಕ ತಲೆ ವಾರೆಮಾಡಿ ಕೇಳಿದ. ಮುಗಿದ ಮೇಲೂ ಒಂದು ಕ್ಷಣ ಹಾಗೇ ನಿಂತು, ಚೆನ್ನಾಗಿದೆ ಎಂದು ಬಾಗಿಲು ಮುಚ್ಚಿ, ಕಾರಿನ ತಲೆ ತಟ್ಟಿದ. “ಯಲ್ಲಾ!” ಹೊರಡಿ ಎಂದು.

ಸ್ವಲ್ಪ ದೂರ ಹೋದ ಮೇಲೆ ಅಪ್ಪ ಕೇಳಿದರು, “ಯಾವ ಸಿನಿಮಾದ್ದು ಅಂತ ಕೇಳಿದ್ದರೆ?”

“ಅದನ್ನು ನೀವು ಹೇಳುತ್ತಿದ್ದಿರಿ, ಸರ್. ಗಂಡ ಅಲ್ವಾ?”

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅವಳ ಊರಿಗೆ ಮರಿಯಮ್ಮ ಸ್ಪೇನಿನ ಹಡಗಿನಲ್ಲಿ ಬಂದವಳು, ನಮ್ಮ ಹಿರಿಯರಿಗೆ ಪೋರ್ಚುಗೀಸರ ಹಡಗಿನಲ್ಲಿ. ಈ ಮಾತನ್ನೂ ಅವಳೇ ಅಂದಳು. “ಹಡಗಿನವರು ಹೋದರು. ಅವಳು ನಮ್ಮ ಹತ್ತಿರವೇ ಉಳಿದಳು.”

ಸಲ್ವಾದ ಮನೆಯೊಳಗೆ ಮುಚ್ಚಿಟ್ಟ ಸೆಕೆ, ಅತ್ತರಿನ ವಾಸನೆ. ಕಪಾಟಿಗೆ ಬೀಗವಿತ್ತು. ಆಫೀಸಿನ ಪೆನ್ನನ್ನೂ ಮನೆಗೆ ತಾರದ ನನ್ನ ಅಪ್ಪ ಕಾರಿನ ಜಾಕಿಯ ಸರಳು ತಂದು, ಕಪಾಟಿನ ಮುಂದೆ ಸುಮ್ಮನೆ ನಿಂತುಬಿಟ್ಟರು. “ಬೇರೆಯವರ ಮನೆ,” ಅಂದರು. ದ್ವೀಪದಕ್ಕ ಅವರ ಕೈಯಿಂದ ಸರಳು ತೆಗೆದುಕೊಂಡು, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಸಿಕ್ಕಿಸಿ, ಬಾಗಿಲ ಸಂದಿಗೆ ತುರುಕಿ ಮೈಭಾರ ಹಾಕಿದಳು. ಮರ ಸೀಳಿಹೋಯಿತು. ಒಳಗೆ ಆಭರಣದ ಡಬ್ಬಿಗಳಿದ್ದವು. ಅವಳು ಅವನ್ನು ಬದಿಗೆ ಸರಿಸಿ ಒಂದೇ ಒಂದು ವಸ್ತು ತೆಗೆದಳು. ಫೋಟೋದ ಪುಟ ತೆರೆದು ನೋಡಿ, ಮುಚ್ಚಿ, ಮತ್ತೆ ತೆರೆದು ನೋಡಿದಳು.

ಅಷ್ಟಾದ ಮೇಲೆ ಪೊರಕೆ ತಂದಳು.

“ಖಲಾಸ್! ಬಾ, ಹೋಗುವ!” ಅಪ್ಪ ಬಾಗಿಲಲ್ಲಿ ನಿಂತಲ್ಲೇ ಕುಣಿಯುತ್ತಿದ್ದರು. ಅವಳು ಮರದ ಚೂರುಗಳನ್ನೆಲ್ಲ ಗುಡಿಸಿ, ಕಸದ ಬುಟ್ಟಿಗೆ ಹಾಕಿಯೇ ಬಂದಳು. ಮರಳುವಾಗ ನಮ್ಮನ್ನು ಯಾರೂ ಹಾಡು ಕೇಳಲಿಲ್ಲ.

ನಿಮ್ಮ ಫೋನಿನ ನಕ್ಷೆಯ ಮೇಲೆ ಎರಡು ಬೆರಳು ಅಗಲಿಸಿದರೆ ಆ ದ್ವೀಪ ಬೆಳೆಯುತ್ತದೆ. ಸುತ್ತಿನ ರಸ್ತೆ, ನೀರಿನ ನಡುವಿನ ಶಿಲುಬೆ ಎಲ್ಲವೂ ಕಾಣುತ್ತದೆ. ನನಗೆ ಅದು ಅಂಗೈಯ ಮೇಲಿನ ಉಗುರಿನ ಗೆರೆಯಾಗಿ ಸಿಕ್ಕಿತು, ಸಂಜೆಯೊಳಗೆ ಮಾಸಿತು. ನೀವು ಸಲ್ವಾಕ್ಕೆ ಹುಟ್ಟುಹಬ್ಬದ ಕೇಕು ತಿನ್ನಲು ಹೋಗುತ್ತೀರಿ, ದಾರಿಯಲ್ಲಿ ಯಾರೂ ನಿಲ್ಲಿಸುವುದಿಲ್ಲ. ಅದು ಹಾಗೇ ಇರಲಿ. ಆದರೆ ಕೇಕು ಕತ್ತರಿಸಿ ತಂದುಕೊಡುವ, ಆ ಮನೆಯಲ್ಲಿ ಕೆಲಸಕ್ಕಿರುವ ಆಂಟಿಯ ಊರು ಯಾವುದು, ಅವಳ ಪಾಸ್‌ಪೋರ್ಟು ಯಾರ ಬಳಿ ಇದೆ, ಎಂದು ಒಮ್ಮೆ ಕೇಳಿ ನೋಡಿ.

ಮರುದಿನ ಬೆಳಿಗ್ಗೆ ದ್ವೀಪದಕ್ಕ ತನ್ನ ಪ್ಯಾಂಟು, ಅಂಗಿ ಹಾಕಿಕೊಂಡು ಬಸ್ಸು ಹತ್ತಿದಳು. ಬೀಳ್ಕೊಟ್ಟು ಬಂದ ಮೇಲೆ ನಾನು ಅಪ್ಪನ ಹತ್ತಿರ ಹೋಗಿ ನನ್ನ ಪಾಸ್‌ಪೋರ್ಟ್ ಕೇಳಿದೆ. ಅವರು ಬೀರು ತೆರೆದು ಕೊಟ್ಟರು. ಅದನ್ನು ಶಾಲೆಯ ಚೀಲಕ್ಕೆ ಹಾಕಿ, ಚೀಲವನ್ನು ಬೆನ್ನಿಗೇರಿಸಿಕೊಂಡೇ ತಿಂಡಿಗೆ ಕುಳಿತೆ.