ಮಧ್ಯಾಹ್ನ ಎರಡರ ನೆರಳು

ಬೆಳಗಿನ ಕಾಫಿ ಮುಗಿದ ಕೂಡಲೇ ಬೈರಣ್ಣ ಒದ್ದೆ ಬಟ್ಟೆ ಹಿಡಿದು ತಾರಸಿ ಹತ್ತುತ್ತಿದ್ದ. ಅಲ್ಲಿ ಹತ್ತು ಸೋಲಾರ್ ಪ್ಯಾನೆಲ್‌ಗಳು ಎರಡು ಸಾಲಿನಲ್ಲಿ ದಕ್ಷಿಣಕ್ಕೆ ಮುಖ ಮಾಡಿ ಕೂತಿದ್ದವು. ಎಮ್ಮೆಯ ಮೈ ತಿಕ್ಕುವಂತೆ ಒಂದೊಂದನ್ನೂ ತಿಕ್ಕಿ ಒರೆಸುತ್ತಿದ್ದ. ಸುದ್ದಗುಂಟೆಪಾಳ್ಯದ ಆ ರಸ್ತೆಯಲ್ಲಿ ಮೊದಲು ಸೋಲಾರ್ ಹಾಕಿಸಿದವನು ಅವನೇ.

“ಕಲ್ಲಿದ್ದಲು ಸುಡೋದು ಬೇಡ, ಹೊಳೆಗೆ ಅಡ್ಡ ಕಟ್ಟೋದು ಬೇಡ. ಬಿಸಿಲು ಬೀಳ್ತಾನೇ ಇರುತ್ತೆ, ಹಿಡ್ಕೊಂಡ್ರಾಯ್ತು,” ಎಂದು ಬಾಡಿಗೆಯ ಹುಡುಗರಿಗೆ ಹೇಳುತ್ತಿದ್ದ. ಅದನ್ನು ಅವನು ಮನಸಾರೆ ನಂಬಿದ್ದ. ಅಪ್ಪ ರಾಗಿ, ಅವರೆ ಬೆಳೆಯುತ್ತಿದ್ದ ಹೊಲವೆಲ್ಲ ಬಡಾವಣೆಗೆ ಹೋದ ಮೇಲೆ ಅವನಿಗೆ ಬಾಡಿಗೆ ಮನೆಗಳ ನಲ್ಲಿ ರಿಪೇರಿ ಬಿಟ್ಟರೆ ಕೆಲಸವಿರಲಿಲ್ಲ. ಅರವತ್ತೆರಡನೇ ವಯಸ್ಸಿನಲ್ಲಿ ಮತ್ತೆ ಒಂದು ಬೆಳೆ ಕೈಗೆ ಬಂದಂತಾಗಿತ್ತು.

ತೊಂದರೆ ಇದ್ದದ್ದು ಮಧ್ಯಾಹ್ನ ಎರಡರ ನಂತರ. ಮನೆಯ ಪಶ್ಚಿಮಕ್ಕೆ, ಫುಟ್‌ಪಾತ್ ಮೇಲೆ, ಒಂದು ದೊಡ್ಡ ಮಳೆಮರ. ಅದರ ನೆರಳು ಎರಡು ಗಂಟೆಗೆ ಮೊದಲನೇ ಪ್ಯಾನೆಲ್ ಮುಟ್ಟಿ, ಮೂರಕ್ಕೆ ಅರ್ಧ ತಾರಸಿ ನುಂಗುತ್ತಿತ್ತು. ಪ್ಯಾನೆಲ್ ಕೂರಿಸಿದ ಶಶಿಧರ್ ಮೊಬೈಲ್‌ನಲ್ಲಿ ಕರೆಂಟ್ ಉತ್ಪಾದನೆಯ ಗೆರೆ ತೋರಿಸಿದ್ದ. “ನೋಡಿ ಅಂಕಲ್, ಇಲ್ಲಿಂದ ದಬಕ್ ಅಂತ ಬೀಳುತ್ತೆ. ಒಂದರ ಮೇಲೆ ನೆರಳು ಬಿದ್ರೆ ಇಡೀ ಸಾಲು ಡಲ್. ಮರಕ್ಕೆ ಏನಾದ್ರೂ ಮಾಡಿ.”

ಬೈರಣ್ಣ ಸರಿಯಾದ ದಾರಿಯಲ್ಲೇ ಹೋದ. ಮರ ಕಡಿಯಲು ಅರ್ಜಿ ಬರೆಸಿ ಕೊಟ್ಟ. ಮರಗಳ ವಿಭಾಗದಿಂದ ಕರಿಬಸವಯ್ಯ ಎಂಬ ಅಧಿಕಾರಿ ಬಂದು ಕಾಂಡ ತಟ್ಟಿ ನೋಡಿ ನಕ್ಕ.

“ಗಟ್ಟಿ ಮರ. ಸೋಲಾರ್ ಯಾಕೆ ಹಾಕ್ಸಿದ್ರಿ?”

“ಪರಿಸರಕ್ಕೆ ಒಳ್ಳೇದು ಅಂದ್ರು ಸಾರ್. ಸರ್ಕಾರವೇ ಸಬ್ಸಿಡಿ ಕೊಡ್ತು.”

“ಇದನ್ನ ಉಳಿಸಿ ಅಂತ ನನಗೆ ಸಂಬಳ ಕೊಡೋದೂ ಸರ್ಕಾರವೇ. ಅದೂ ಪರಿಸರಕ್ಕೇನೇ.”

ಬಿಸಿಲು ಹಿಡಿಯಲು ನೆರವು ಕೊಟ್ಟ ಪತ್ರ ಮತ್ತು ನೆರಳು ಕಡಿಯಬಾರದೆಂಬ ಪತ್ರ, ಎರಡನ್ನೂ ಬೈರಣ್ಣ ಒಂದೇ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬೀರುವಿಗೆ ಸೇರಿಸಿದ.

ಆಮೇಲೆ ಅವನಿಗೆ ಅಪ್ಪ ನೆನಪಾದ. ಹೊಲದ ಬದುವಿನಲ್ಲಿದ್ದ ಹುಣಸೆಮರದ ನೆರಳಿಗೆ ರಾಗಿ ಕಾಳು ಕಟ್ಟುತ್ತಿರಲಿಲ್ಲ. ಹೊಲದಲ್ಲಿ ಪಾಲಿದ್ದ ಅಪ್ಪನ ಅಣ್ಣ ಕಡಿಯಲು ಒಪ್ಪಲಿಲ್ಲ. ಅಪ್ಪ ಬುಡದಲ್ಲಿ ತೂತು ಕೊರೆದು, ಇಂಗು ತುಂಬಿ, ಮಣ್ಣು ಮೆತ್ತಿದ್ದ. ವರ್ಷದೊಳಗೆ ಮರ ಒಣಗಿತ್ತು. ಯಾರ ಕೈಗೂ ರಕ್ತ ಹತ್ತಿರಲಿಲ್ಲ.

ಹೋದ ವರ್ಷ ಮಾರ್ಚಿನ ಒಂದು ಭಾನುವಾರ, ಹಗಲು ಹನ್ನೊಂದಕ್ಕೆ, ಬೈರಣ್ಣ ಕಲ್ಲುಚಪ್ಪಡಿ ಸರಿಮಾಡುವವನಂತೆ ಮರದ ಹಿಂದೆ ಕೂತು ಐದು ತೂತು ಕೊರೆದ. ಡ್ರಿಲ್ ಸದ್ದಿಗೆ ಈ ಊರಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಇಂಗಿನ ಜೊತೆ ಹಾರ್ಡ್‌ವೇರ್ ಅಂಗಡಿಯಿಂದ ತಂದ ಇನ್ನೊಂದು ವಿಷವನ್ನೂ ಸುರಿದು, ಮಣ್ಣು ಮೆತ್ತಿದ. ಅಡುಗೆಮನೆಯಲ್ಲಿ ಹೆಂಡತಿ ಲಕ್ಷ್ಮಮ್ಮ, “ಡಬ್ಬೀಲಿದ್ದ ಇಂಗು ಏನಾಯ್ತು? ನೀವೇನಾದ್ರೂ ಸಾರಿಗೆ ಸುರ್ಕೊಂಡ್ರಾ?” ಎಂದು ಗೊಣಗಿದಳು. ಅವನು ಕೈ ಎರಡು ಸಲ ತೊಳೆದ.

ಮರದ ನೆರಳಿನಲ್ಲಿ ರೇಣವ್ವನ ತಳ್ಳುಗಾಡಿ ಇತ್ತು. ಗದಗಿನ ಕಡೆಯವಳು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ. ಪಕ್ಕದ ಬಿ.ಟಿ.ಎಂ. ಬಡಾವಣೆಯ ರೂಮುಗಳಲ್ಲಿರುವ ಉತ್ತರ ಕರ್ನಾಟಕದ ಹುಡುಗ ಹುಡುಗಿಯರು ಮಧ್ಯಾಹ್ನ ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರು. ಆ ಭಾನುವಾರ ಅವಳು ತಂಗಿಯ ಮಗಳ ಮದುವೆಗೆಂದು ಊರಿಗೆ ಹೋಗಿದ್ದಳು. ಸೋಲಾರ್ ಬಗ್ಗೆ ಬೈರಣ್ಣ ಜಂಬ ಕೊಚ್ಚಿದಾಗಲೆಲ್ಲ ಅವಳು ಛೇಡಿಸುತ್ತಿದ್ದಳು: “ನಮ್ಮೂರ ಗುಡ್ಡದ ಮ್ಯಾಲೂ ಕರೆಂಟ್ ತಗಿಯೂ ದೊಡ್ಡ ದೊಡ್ಡ ಫ್ಯಾನ್ ನಿಂತಾವ್ರಿ ಅಣ್ಣಾರ. ಗಾಳಿ ನಮ್ದು, ತಂಪು ನಿಮಗ.”

ದೀಪಾವಳಿಯ ಹೊತ್ತಿಗೆ ಮರದ ತುದಿ ಬೋಳಾಯಿತು. ಮಧ್ಯಾಹ್ನದ ಗೆರೆ ಮೊಬೈಲ್‌ನಲ್ಲಿ ಮೇಲೇರತೊಡಗಿತು. ಶಶಿಧರ್ ಗಿರಾಕಿಗಳನ್ನು ಕರೆತಂದು, “ನೋಡಿ, ನಾಲ್ಕು ಗಂಟೆಗೂ ಸಖತ್ ಬರ್ತಿದೆ,” ಎಂದು ತೋರಿಸಿದ. ಮರ ಯಾಕೆ ಒಣಗಿತೆಂದು ಅವರಲ್ಲಿ ಒಬ್ಬರೂ ಕೇಳಲಿಲ್ಲ.

ಈ ವರ್ಷ ಏಪ್ರಿಲ್‌ನಲ್ಲಿ ತಾರಸಿಯಿಂದ ಬಗ್ಗಿ ನೋಡಿದ ಬೈರಣ್ಣ ಮೊಬೈಲ್ ಜೇಬಿಗಿಟ್ಟು ಮತ್ತೆ ಬಗ್ಗಿದ. ನೆರಳು ಕಡಿಮೆಯಾದಷ್ಟೂ ರೇಣವ್ವ ಗಾಡಿಯನ್ನು ಕಾಂಡದ ಹತ್ತಿರಕ್ಕೆ ಎಳೆದುಕೊಂಡಿದ್ದಳು. ಮೊದಲು ಹತ್ತು ಅಡಿ ದೂರವಿದ್ದವಳು ಈಗ ಬುಡಕ್ಕೆ ಬೆನ್ನು ತಾಗಿಸಿ ರೊಟ್ಟಿ ಬಡಿಯುತ್ತಿದ್ದಳು. ಉಳಿದ ಬಿಸಿಲಿಗೆ ನೀಲಿ ಟಾರ್ಪಾಲು ಕಟ್ಟಿದ್ದಳು. ಅದರ ಒಂದು ಹಗ್ಗ ಗೇಟಿನ ಪಕ್ಕದ ಕಂಬಕ್ಕೆ, ಇನ್ನೊಂದು ಮರಕ್ಕೇ.

ಅವನು ಇಳಿದು ಬಂದು ಕಾಂಡ ತಟ್ಟಿದ. ಖಾಲಿ ಡ್ರಮ್ಮಿನ ಸದ್ದು. ಬುಡದಲ್ಲಿ ಬಿಳಿ ಅಣಬೆಗಳು ತಟ್ಟೆಯಂತೆ ಎದ್ದಿದ್ದವು. ಹುಣಸೆಮರ ಸಾಯುವಾಗ ಅಪ್ಪ ಸುತ್ತಲೂ ಮುಳ್ಳುಬೇಲಿ ಹಾಕಿ, ದನ ಕೂಡ ಹೋಗದಂತೆ ನೋಡಿಕೊಂಡಿದ್ದು ಅವನಿಗೆ ಆಗ ನೆನಪಾಯಿತು. ಹೊಲದಲ್ಲಿ ಒಣಮರದ ಕೆಳಗೆ ಯಾರೂ ಕೂರುತ್ತಿರಲಿಲ್ಲ. ಇಲ್ಲಿ ಜನ ಸಾಲಾಗಿ ನಿಂತು ಊಟ ಮಾಡುತ್ತಿದ್ದರು.

“ರೇಣವ್ವ, ಗಾಡಿ ನಮ್ಮ ಗೇಟ್ ಒಳಗೆ ಹಾಕ್ಕೊಂಡ್ಬಿಡು. ಮಳೆಗಾಲ ಮುಗಿಯೋ ತನಕ.”

ಅವಳು ಹಿಟ್ಟಿನ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ನೋಡಿದಳು. “ಯಾಕ್ರಿ ಅಣ್ಣಾರ, ಇಷ್ಟು ಪ್ರೀತಿ? ಒಳಗ ಕರ್ಕೊಂಡು ಬಾಡಿಗಿ ಹಚ್ಚಾವ್ರೇನು?”

“ಬಾಡಿಗೆ ಬೇಡಮ್ಮ. ಮರ ಒಣಗಿದೆ, ಕೊಂಬೆ ಬೀಳುತ್ತೆ.”

“ನಿನ್ನೆ ಒಂದು ಬಿತ್ತು, ಹಿಟ್ಟಿನ ಬುಟ್ಯಾಗ. ಒಲಿಗೆ ಪುಳ್ಳಿ ಆತು.” ಸಾಲಿನಲ್ಲಿದ್ದವರು ನಕ್ಕರು. ಅವಳು ದನಿ ತಗ್ಗಿಸಿದಳು. “ನನ್ನ ಬೀದಿ ವ್ಯಾಪಾರದ ಕಾರ್ಡ್‌ನ್ಯಾಗ ಈ ಜಾಗಾನ ಬರದಾರ್ರಿ. ಒಂದು ವಾರ ಬಿಟ್ರ ಇನ್ನೊಬ್ಬರು ಬಂದು ಕುಂದರ್ತಾರ. ನನ್ನ ಎಬ್ಬಿಸಬೇಕಂದ್ರ ನೇರ ಹೇಳ್ರಿ.”

ನೇರ ಹೇಳುವ ಬದಲು ಬೈರಣ್ಣ ಮರಗಳ ವಿಭಾಗಕ್ಕೆ ಹೋದ. ಮತ್ತೆ ಅರ್ಜಿ ಕೊಟ್ಟ. ಕರಿಬಸವಯ್ಯನೇ ಬಂದ.

“ಹೋದ್ಸಲ ಕಡೀಬೇಕು ಅಂದ್ರಿ. ಈಗ ಬೀಳುತ್ತೆ ಅಂತೀರಿ.” ಅವನು ತೊಗಟೆ ಕೆರೆದು ಮೂಸಿದ. “ಯಾರಾದ್ರೂ ಏನಾದ್ರೂ ಹಾಕಿದ್ರಾ? ಹಾಕಿದ್ರೆ ಹೇಳಿ. ಬುಡ ಟೊಳ್ಳು ಅಂತ ಬರ್ದು ಇವತ್ತೇ ಇಳಿಸ್ತೀನಿ. ಆದ್ರೆ ಕೇಸ್ ಆಗುತ್ತೆ.”

ಮಣ್ಣು ಮೆತ್ತಿದ ಜಾಗದ ಮುಂದೆ ಬೈರಣ್ಣ ಕಾಲು ಅಡ್ಡ ಇಟ್ಟು ನಿಂತಿದ್ದ. ಕಾಂಡದ ಆ ಬದಿಗೆ ರೇಣವ್ವ ರೊಟ್ಟಿ ತಿರುವುತ್ತಿದ್ದಳು.

“ಇಲ್ಲ ಸಾರ್. ವಯಸ್ಸಾಗಿರ್ಬೇಕು.”

“ಹಾಗಾದ್ರೆ ಪಟ್ಟಿಗೆ ಸೇರಿಸ್ತೀನಿ. ಮಳೆ ಬಿದ್ರೆ ಚಿಗುರುತ್ತೇನೋ ನೋಡೋಣ.”

ಆಮೇಲೆ ಬೈರಣ್ಣ ಮೊಬೈಲ್‌ನ ಗೆರೆ ನೋಡುವುದನ್ನು ಬಿಟ್ಟ. ಆಕಾಶ ನೋಡತೊಡಗಿದ. ಮಧ್ಯಾಹ್ನದ ಊಟಕ್ಕೆ ಕೂತವನು ಕಿಟಕಿ ಅಲುಗಿದರೆ ತುತ್ತು ಬಿಟ್ಟು ಏಳುತ್ತಿದ್ದ. “ಯಾರಿಗೆ ಕಾಯ್ತಿದ್ದೀರಿ?” ಎಂದು ಲಕ್ಷ್ಮಮ್ಮ ಕೇಳಿದರೆ ಮೋಡ ಎಲ್ಲಿದೆಯೆಂದು ಬಗ್ಗಿ ನೋಡುತ್ತಿದ್ದ.

ಮೇ ಎರಡನೇ ವಾರ, ಮೂರೂವರೆಯ ಹೊತ್ತಿಗೆ, ಬನ್ನೇರುಘಟ್ಟದ ಕಡೆಯಿಂದ ಮೋಡ ಮಸಿಯಂತೆ ಎದ್ದಿತು. ಮೊದಲು ಧೂಳು ಬಂತು. ಟಾರ್ಪಾಲು ಉಬ್ಬಿ ಹಗ್ಗವನ್ನು ಜಗ್ಗಿತು. ಹಗ್ಗದ ಜೊತೆ ಮರವೂ ಒಂದಿಷ್ಟು ಬಂದು ಹಿಂದಕ್ಕೆ ಹೋದದ್ದನ್ನು ಬೈರಣ್ಣ ತಾರಸಿಯಿಂದ ಕಂಡ. ಚಪ್ಪಲಿಯಿಲ್ಲದೆ ಇಳಿದು ಓಡಿದ.

“ಏಳು ರೇಣವ್ವ! ಗಾಡಿ ಬಿಟ್ಟು ಏಳು!”

“ಮತ್ತ ಶುರು ಮಾಡಿದ್ರಿ...”

ಅವನು ಕುಕ್ಕರುಗಾಲಲ್ಲಿ ಕೂತು ಬುಡದ ಮಣ್ಣನ್ನು ಉಗುರಿನಲ್ಲಿ ಕಿತ್ತ. ಒಂದು, ಎರಡು, ಮೂರು ಕಪ್ಪು ತೂತು. ಒಳಗಿಂದ ಕೊಳೆತ ನೀರು ಇಳಿಯಿತು.

“ನಾನೇ ಕಣಮ್ಮ. ಪ್ಯಾನೆಲ್‌ಗೆ ನೆರಳಾಗುತ್ತೆ ಅಂತ. ನಾನೇ ಹಾಕಿದ್ದು.”

ರೇಣವ್ವ ತೂತುಗಳನ್ನು ನೋಡಿದಳು, ಅವನನ್ನು ನೋಡಿದಳು. ಕೂಗಲಿಲ್ಲ. “ಯಾವಾಗ?”

“ಹದಿನಾಲ್ಕು ತಿಂಗಳಾಯ್ತು.”

“ಅಷ್ಟು ದಿನಾ ನಾ ಇದಕ್ಕ ಬೆನ್ನ ಕೊಟ್ಟು ಕುಂತೀನಿ. ನೀವು ಮ್ಯಾಲ ನಿಂತು ನೋಡೀರಿ.”

ಅವಳು ಒಲೆ ಆರಿಸಿ, ತಿನ್ನುತ್ತಿದ್ದ ಇಬ್ಬರನ್ನು ಎಬ್ಬಿಸಿ, ಈಳಿಗೆಯಿಂದ ಹಗ್ಗ ಕೊಯ್ದಳು. ಮೂವರೂ ಗಾಡಿಯನ್ನು ದಬ್ಬಿಕೊಂಡು ಬೀದಿಯ ಕೊನೆಯ ಮೆಡಿಕಲ್ ಅಂಗಡಿಯ ಮುಂದೆ ನಿಲ್ಲಿಸಿದರು. ಬೈರಣ್ಣ ಅವಳ ಎದುರೇ ಕರಿಬಸವಯ್ಯನಿಗೆ ಫೋನ್ ಮಾಡಿ ಎಲ್ಲ ಹೇಳಿದ. ಆ ಕಡೆ ಗಾಳಿಯ ಸದ್ದೇ ಹೆಚ್ಚು ಕೇಳಿಸಿತು.

“ಜಯನಗರದಲ್ಲಿ ಎರಡು ಬಿದ್ದಿದೆ, ನಮ್ಮ ಹುಡುಗ್ರೆಲ್ಲ ಅಲ್ಲಿದ್ದಾರೆ. ಬರೋಕೆ ಒಂದು ಗಂಟೆ ಆಗುತ್ತೆ. ಅಲ್ಲೀವರೆಗೂ ಅದರ ಕೆಳಗೆ ಒಬ್ಬರನ್ನೂ ಬಿಡ್ಬೇಡಿ. ನಾಳೆ ಆಧಾರ್ ತಗೊಂಡು ಆಫೀಸಿಗೆ ಬನ್ನಿ.”

ಆಫೀಸುಗಳಿಂದ, ಟ್ಯೂಷನ್‌ಗಳಿಂದ ಜನ ಮಳೆಗೆ ಮುಂಚೆ ಮನೆ ಸೇರಲು ನುಗ್ಗುತ್ತಿದ್ದರು. ಬೈರಣ್ಣ ಮರಕ್ಕೆ ಈಚೆ, ರಸ್ತೆಯ ಮಧ್ಯೆ ಕೈ ಚಾಚಿ ನಿಂತ. ಮರದ ಆಚೆ ತುದಿಯಲ್ಲಿ ರೇಣವ್ವ, ಅವನ ಕಡೆ ನೋಡದೆ, ಲಟ್ಟಣಿಗೆ ಎತ್ತಿ ನಿಂತಳು. ಮೊದಲ ಬೈಕಿನವನು ಬ್ರೇಕ್ ಹಾಕಿ ರೇಗಿದ.

“ಏನ್ ಅಂಕಲ್? ಮರ ಚೆನ್ನಾಗೇ ನಿಂತಿದೆಯಲ್ಲ!”

“ಚೆನ್ನಾಗಿಲ್ಲಪ್ಪ. ನಾನು ವಿಷ ಇಟ್ಟಿದ್ದೀನಿ.”

ಬೈಕಿನವನು ಅವನ ಮುಖ ನೋಡಿ ಗಾಡಿ ತಿರುಗಿಸಿದ. ಹಿಂದೆ ಆಟೋ ಬಂತು, ಮರ ಬೀಳುತ್ತೆ ಎಂದರೆ ಚಾಲಕ ಕೇಳಲಿಲ್ಲ, ಅವನಿಗೂ ವಿಷದ ಮಾತು ಹೇಳಿದ. ಸ್ಕೂಟರಿನ ಹೆಂಗಸಿಗೆ ಹೇಳಿದ. ಅದೇ ಬೀದಿಯಲ್ಲಿ ಹುಟ್ಟಿ ಬೆಳೆದವನು, ಗುರುತಿನವರು ಬಂದರೂ ಹೇಳಿದ. ಗೇಟಿನಲ್ಲಿ ಲಕ್ಷ್ಮಮ್ಮ ಸೆರಗು ಬಾಯಿಗಿಟ್ಟು ಕೇಳುತ್ತಿದ್ದಳು. ಮೊದಲ ದಪ್ಪ ಹನಿಗಳು ಬಿದ್ದವು. ದೂರದಲ್ಲಿ ಬೇಸಿಗೆ ಶಿಬಿರದ ಮಕ್ಕಳ ಒಂದು ವ್ಯಾನ್ ಹಾರ್ನ್ ಹೊಡೆಯುತ್ತ ತಿರುವು ತೆಗೆದುಕೊಂಡಿತು. ಅದೇ ಹೊತ್ತಿಗೆ ಮರದ ಒಳಗೆ, ನೆಲದ ಹತ್ತಿರ, ಹಸಿ ಬಟ್ಟೆ ಹರಿದಂಥ ಸದ್ದಾಯಿತು. ಬೈರಣ್ಣ ಎರಡೂ ಕೈ ಎತ್ತಿಕೊಂಡು ವ್ಯಾನಿನ ಕಡೆ ಓಡಿದ.