ಒಂದು ದಿನ ತಡವಾಗಿ ಬಿದ್ದ ಮಳೆ

ಇದರಲ್ಲಿ ನಡೆದದ್ದೆಷ್ಟು, ನಾನೇ ಆಮೇಲೆ ಸೇರಿಸಿಕೊಂಡದ್ದೆಷ್ಟು, ಖಚಿತವಾಗಿ ಹೇಳಲಾರೆ. ಹೋದ ವಾರ ಕಲಬುರಗಿಯ ಮಾರ್ಕೆಟ್ಟಿನಲ್ಲಿ ಕಮಲಾಪುರದ ಕೆಂಪು ಬಾಳೆಹಣ್ಣಿನ ವಾಸನೆ ಬಂತು, ಒಂದು ಹಣ್ಣು ಕೊಂಡೆ. ಕಮಲಾಪುರದಲ್ಲಿ ಮಳೆ ಅಳೆಯುತ್ತಿದ್ದ ಚಾಚಾ, ನಾನು ಹೋದಾಗಲೆಲ್ಲ ಅಂಥದೊಂದು ಹಣ್ಣು ಕೈಗಿಡುತ್ತಿದ್ದರು...

ಆಗ ನಾನು ವಿಶ್ವವಿದ್ಯಾಲಯದಲ್ಲಿ ಓದುತ್ತ ಕುಸನೂರಿನ ಬಾಡಿಗೆ ಕೋಣೆಯಲ್ಲಿದ್ದೆ. ಹಲವು ದೇಶಗಳು ತಮ್ಮ ಉಪಗ್ರಹಗಳು ಕಂಡ ಮಳೆಯ ಮಾಹಿತಿಯನ್ನು ಒಂದೆಡೆ ಸೇರಿಸಿ ಎಲ್ಲರಿಗೂ ಉಚಿತವಾಗಿ ಕೊಡುತ್ತಿದ್ದವು. ಅದು ಸರಿಯೇ ಎಂದು ನೋಡಲು ನೆಲದ ಮೇಲಿನ ಅಳತೆ ಬೇಕಿತ್ತು. ಚಾಚಾ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದ ನೀರನ್ನು ಅಳತೆಯ ಗ್ಲಾಸಿಗೆ ಸುರಿದು, ನೋಡಿ, ವಹಿಯಲ್ಲಿ ಬರೆಯುತ್ತಿದ್ದರು. ಎರಡನ್ನೂ ಹೋಲಿಸಿದ ಕಡತವನ್ನು ಆ ಯೋಜನೆಯವರಿಗೆ ಕಳಿಸುವುದು ನನ್ನ ಕೆಲಸ.

ಚಾಚಾರ ಮಳೆ ಯಾವಾಗಲೂ ಒಂದು ದಿನ ತಡ. ಉಪಗ್ರಹ ಸೋಮವಾರ ಕಂಡದ್ದು ವಹಿಯಲ್ಲಿ ಮಂಗಳವಾರ. ಮನೆಯಲ್ಲೇ ಕೂತು, ಅವರಿವರನ್ನು ಕೇಳಿ ಬರೆಯುತ್ತಾರೆ ಅಂದುಕೊಂಡೆ. ಕಮಲಾಪುರದ ಹೆಸರಿನ ಮುಂದೆ ‘ನಂಬಲರ್ಹವಲ್ಲ’ ಎಂದು ಗುರುತು ಹಾಕಿ ಕಳಿಸಿಬಿಟ್ಟೆ. ಅವರಿಗೆ ಹೇಳಲಿಲ್ಲ.

ಒಂದು ಮಧ್ಯಾಹ್ನ ಅವರ ಫೋನ್ ಬಂತು.

“ಬೇಟಾ, ಮುಂಜಾನಿಂದ ಗ್ಲಾಸು ತುಂಬಿ ತುಂಬಿ ಚೆಲ್ಲಾಕತ್ತೀನಿ. ಹಳ್ಳ ಏರಾಕತ್ತದ. ದಂಡಿ ಮ್ಯಾಲೆ ನನ್ನ ಮಗಳ ಮನಿ ಅದ, ಇನ್ನೂ ಹತ್ತು ಮನಿ ಅವ. ತಹಶೀಲ್ದಾರ್ ಆಫೀಸಿಗೆ ಹೇಳು. ಓದಿದಾಂವ ಹೇಳಿದ್ರ ಕೇಳ್ತಾರ.”

ನನ್ನ ಪರದೆಯ ಮೇಲೆ ಕಮಲಾಪುರ ಒಣಗಿತ್ತು.

“ಉಪಗ್ರಹದಾಗ ಮಳಿನೇ ಇಲ್ಲಲ್ಲ ಚಾಚಾ.”

“ಅದು ಮ್ಯಾಲದ ಬೇಟಾ. ತೊಯ್ಯಾಂವ ನಾ.”

ಫೋನ್ ಕಟ್ಟಾಯಿತು. ಅದಕ್ಕೂ ಮೊದಲು ‘ನೀವು ಸುಳ್ಳು ಬರೀತೀರಿ’ ಅಂದೆನೇ? ಅಂದಂತೆ ನೆನಪು... ಅನ್ನಲಿಲ್ಲ ಎಂದೂ ನೆನಪು.

ಆಮೇಲೆ ಉಪಗ್ರಹದ ಚಿತ್ರದ ಕೆಳಗಿನ ತಾರೀಖು ನೋಡಿದೆ. ನಿನ್ನೆಯದು. ಇವತ್ತಿನ ಮಳೆ ಇನ್ನೂ ಪರದೆಗೆ ಬಂದಿರಲೇ ಇಲ್ಲ. ಅದರ ಬೆನ್ನಿಗೇ ಇನ್ನೊಂದು ಹೊಳೆಯಿತು: ಚಾಚಾ ಬೆಳಿಗ್ಗೆ ಅಳೆಯುವುದು ಹಿಂದಿನ ದಿನದಿಂದ ಸುರಿದ ಮಳೆ, ತಾರೀಖು ಮಾತ್ರ ಅಳೆದ ದಿನದ್ದು. ಮಳೆ ಅಳೆಯುವವರೆಲ್ಲರ ಪದ್ಧತಿ ಅದೇ. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದರು.

ಆಫೀಸಿಗೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಗೆಳೆಯನ ಬೈಕು ಹತ್ತಿ ಹೊರಟೆ. ದಾರಿಯುದ್ದಕ್ಕೂ ಚಾಚಾರ ಫೋನು ಬಂದ್. ಹನ್ನೊಂದು ಮನೆ, ಮನೆಗೆ ಐದು ಜನ ಅಂದರೂ... ಲೆಕ್ಕ ಮುಂದಕ್ಕೆ ಹೋಗುತ್ತಿರಲಿಲ್ಲ. ಮುಟ್ಟಿದಾಗ ಓಣಿ ಇದ್ದಲ್ಲಿ ಕೆಂಪು ನೀರು ಓಡುತ್ತಿತ್ತು. ಚಾಚಾರ ಮಗಳ ಮನೆಯ ಗೋಡೆ ಮಲಗಿತ್ತು.

ಜನ ಶಾಲೆಯ ಕಟ್ಟೆಯ ಮೇಲೆ ಗಂಟುಮೂಟೆ ಹಿಡಿದು ಕೂತಿದ್ದರು. ಮಾತಿನಿಂದ ಯಾರೂ ಏಳದಿದ್ದಾಗ ಚಾಚಾ ಗ್ಲಾಸು ಹಿಡಿದು ಮನೆಮನೆಗೆ ಹೋಗಿ ‘ಇದು ಒಂದ ತಾಸಿನ ನೀರು’ ಎಂದು ತೋರಿಸಿದ್ದರಂತೆ. ಕಟ್ಟೆಯ ಮೇಲೆ ಅವರು ಮಾತ್ರ ಇರಲಿಲ್ಲ. “ನಿಮ್ಮಪ್ಪ ಎಲ್ಲಿ?” ಅಂದೆ.

“ಅಬ್ಬಾ? ಮಳಿ ಅಳೀಲಿಕ್ಕ ಹೋಗ್ಯಾರ,” ಅಂದಳು ಮಗಳು.

ಸ್ವಲ್ಪ ಹೊತ್ತಿಗೆ ಚಾಚಾ ತೊಯ್ದು ತೊಪ್ಪೆಯಾಗಿ ಬಂದರು. ನನ್ನನ್ನು ನೋಡಿ, “ನಿನ್ನ ಉಪಗ್ರಹ ಈಗರೆ ತೊಯ್ತೇನು?” ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಚಾಚಾ ತೀರಿಕೊಂಡು ಕೆಲವು ವರ್ಷಗಳಾದವು. ನಾನು ಹಾಕಿದ ಗುರುತಿನ ಮಾತು ಅವರಿಗೆ ಹೇಳಲೇ ಇಲ್ಲ. ಅದನ್ನು ತಿದ್ದಿರೆಂದು ಯೋಜನೆಯವರಿಗೆ ಎರಡು ಸಲ ಬರೆದೆ. ಯೋಜನೆ ಮುಗಿದಿತ್ತು, ಉತ್ತರ ಬರಲಿಲ್ಲ. ಮೊನ್ನೆ ಹಣ್ಣು ಮೇಜಿನ ಮೇಲಿಟ್ಟು ಇಂಟರ್ನೆಟ್ಟಿನಿಂದ ಆ ಕಡತ ಇಳಿಸಿಕೊಂಡು ನೋಡಿದೆ. ಯಾವ ದೇಶದಲ್ಲಿ ಕೂತು ತೆರೆದರೂ ಸಿಗುವುದು ಅದೇ ಕಡತ. ಉಳಿದದ್ದೆಲ್ಲ ಅನುಮಾನ, ಇದೊಂದು ಮಾತ್ರ ಖಾತ್ರಿಯಾಯಿತು: ಕಮಲಾಪುರದ ಮುಂದೆ ಇನ್ನೂ ‘ನಂಬಲರ್ಹವಲ್ಲ’ ಎಂದೇ ಇದೆ.