ಶೆಟ್ಟೆವ್ವನ ಪಾಲು

ಗೋಕಾಕದ ಆ ಓಣಿಯಲ್ಲಿ ನಂದಿನಿ ತನ್ನ ಮನೆಯ ಪಡಸಾಲೆಯಲ್ಲೇ ಕೆಫೆ ತೆರೆದಾಗ ಜನ ನಕ್ಕಿದ್ದೇ ನಕ್ಕಿದ್ದು. ಹಾಲಿಲ್ಲದ ಚಹಾ, ಮೊಸರಿಲ್ಲದ ಊಟ. ಅದೂ ಹೋಗಲಿ, ಗೋಕಾಕದಲ್ಲಿ ಕೂತು ತುಪ್ಪವಿಲ್ಲದ ಕರದಂಟು ಮಾರುವುದೆಂದರೆ ಗುಂಡಿಗೆ ಬೇಕು. ಬಾಗಿಲ ಮೇಲೆ ‘ವೀಗನ್ ಕೆಫೆ’ ಎಂದು ಬರೆಸಿದ್ದಳು. ಓದಿದವರು ಅರ್ಥ ಕೇಳಿದರು, ಅರ್ಥ ಕೇಳಿದವರು ಒಳಗೆ ಬರದೆ ಹೋದರು. ಹಾಗೆ ನೋಡಿದರೆ ನಮ್ಮ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಯಾವ ಕಾಲಕ್ಕೆ ಹಾಲಿನ ಮುಖ ನೋಡಿವೆ? ಆದರೆ ಮನೆಯಲ್ಲಿ ತಿನ್ನುವುದಕ್ಕೇ ಬೋರ್ಡು ಹಾಕಿದರೆ ನಮ್ಮವರಿಗೆ ಗುಮಾನಿ.

ಗುಮಾನಿಯಿಲ್ಲದೆ ದಿನಾ ಬರುತ್ತಿದ್ದವಳು ಶೆಟ್ಟೆವ್ವ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಅಡಿಗೆ ಮಾಡುವವಳು. ಓಣಿಯ ಹಿಂದಿನ ಬಾಡಿಗೆ ಖೋಲಿಯಲ್ಲಿ ಒಬ್ಬಳೇ ಇದ್ದಳು. ಗಂಡ ತೀರಿಹೋಗಿ ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಮಧ್ಯಾಹ್ನದ ಅಡಿಗೆ ಮುಗಿಸಿ ಬಂದು, ಕಿಟಕಿಯ ಬಾಜೂ ಕೌದಿ ಹಾಸಿದ ಬೆತ್ತದ ಕುರ್ಚಿಯಲ್ಲಿ ಕಾಲು ಮಡಚಿ ಕೂತರೆ ಸಂಜೆಯ ತನಕ ಯಾರೂ ಏಳು ಅನ್ನುತ್ತಿರಲಿಲ್ಲ. ದಿನವೆಲ್ಲ ಊರ ಮಕ್ಕಳಿಗೆ ಬಡಿಸುವವಳಿಗೆ ಕೂತಲ್ಲಿಗೆ ಯಾರೋ ತಂದು ಕೊಡುವುದೇ ಒಂದು ಸುಖ. ನಂದಿನಿ ಶೇಂಗಾ ನೆನೆಹಾಕಿ, ರುಬ್ಬಿ, ಸೋಸಿದ ಹಾಲಿನಲ್ಲಿ ಚಹಾ ಮಾಡಿ ಕೊಡುತ್ತಿದ್ದಳು. ಮೊದಮೊದಲು ಅದು ಬಾಯಿಗೆ ಹತ್ತಲಿಲ್ಲ, ಆಮೇಲೆ ರೂಢಿಯಾಯಿತು. ಖೋಲಿಯಲ್ಲಿ ಗೋಡೆ ನೋಡುತ್ತ ಕೂರುವುದಕ್ಕಿಂತ ಇದು ಎಷ್ಟೋ ಲೇಸು.

“ಅಕ್ಕಾರ, ನೀವೂ ನಮ್ಮಂಗ ವೀಗನ್ ಏನ್ರಿ?” ಎಂದು ನಂದಿನಿ ಒಂದು ದಿನ ಕೇಳಿದಳು.

“ಇಲ್ಲವಾ, ನಾವು ಹಾಲುಮತದವರು” ಎಂದಳು ಶೆಟ್ಟೆವ್ವ, ಹುಡುಗಿ ತನ್ನ ಕುಲ ಕೇಳಿದಳೆಂದುಕೊಂಡು.

ನಂದಿನಿಗೆ ನಗು ತಡೆಯಲಾಗಲಿಲ್ಲ. “ಹಾಲುಮತದವರಾಗಿ ಹಾಲ ಮುಟ್ಟಂಗಿಲ್ಲಲ್ರಿ ನೀವು.”

“ಬಿಟ್ಟೇನವಾ. ಬಿಟ್ಟದ್ದು ಬಿಟ್ಟಂಗ.”

“ಛಲೋ ಮಾಡೀರಿ. ಹಾಲು ಅಂದ್ರ ಕರುವಿನ ಪಾಲು. ನಾವ್ಯಾಕ ಕಸಗೋಬೇಕು?”

ಪಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ಶೆಟ್ಟೆವ್ವ ಕಪ್ಪನ್ನು ಕೆಳಗಿಟ್ಟಳು. ಅವಳಿಗೆ ತವರು ತಪ್ಪಿದ್ದೇ ಆ ಮಾತಿನಿಂದ.

ತವರು ಕೌಜಲಗಿ. ಅಲ್ಲಿ ಅಣ್ಣ ಸಿದ್ರಾಯ, ಅವನ ಹೆಂಡತಿ ರಾಯವ್ವ ವೈನಿ. ನಾಗರಪಂಚಮಿಗೆ ನಮ್ಮ ಕಡೆ ಹೆಣ್ಣುಮಕ್ಕಳು ನಾಗಪ್ಪನಿಗೆ ಹಾಲೆರೆಯುವಾಗ ಮನೆಯವರನ್ನೆಲ್ಲ ನೆನೆದು ಒಂದೊಂದು ಹನಿ ಬಿಡುತ್ತಾರೆ: ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ಇದ್ದವರಿಗೂ ಉಂಟು, ಹೋದವರಿಗೂ ಉಂಟು. ಅವ್ವ ತೀರಿದ ಮೇಲಿನ ಮೊದಲ ಪಂಚಮಿಯಲ್ಲಿ ರಾಯವ್ವ ಎಲ್ಲರ ಪಾಲೂ ಹೇಳಿದಳು, ಕೊಟ್ಟಿಗೆಯ ಎಮ್ಮೆಯದೂ ಹೇಳಿದಳು, ಬಾಜೂ ನಿಂತ ಶೆಟ್ಟೆವ್ವನದು ಹೇಳಲಿಲ್ಲ. ಕೊಟ್ಟ ಹೆಣ್ಣಿನ ಪಾಲನ್ನು ಗಂಡನ ಮನೆಯವರು ಹೇಳಬೇಕು ಎನ್ನುವುದು ಅವಳ ಲೆಕ್ಕ. ಗಂಡನ ಮನೆಯಲ್ಲಿ ಹೇಳುವವರು ಯಾರಿದ್ದರು?

ಅಂದು ಉಣ್ಣಲು ಕೂತಾಗ ಶೆಟ್ಟೆವ್ವ ತಡೆಯಲಾರದೆ, “ಅಣ್ಣಾ, ಈ ಮನ್ಯಾಗ ನನಗೊಂದು ಪಾಲಿಲ್ಲೇನು?” ಎಂದುಬಿಟ್ಟಳು.

ಸಿದ್ರಾಯನಿಗೆ ಕೇಳಿಸಿದ್ದು ಹೊಲ. “ಹಂಗಾರ ವಕೀಲನ್ನ ಹಿಡಿ ಹೋಗು” ಎಂದ.

ನಾನು ಕೇಳಿದ್ದು ಹೊಲವಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಹೇಳಲಿಲ್ಲ. “ಇನ್ನ ಈ ಮನಿ ಹಾಲು ನಾ ಮುಟ್ಟಂಗಿಲ್ಲ” ಎಂದು ಎದ್ದು ಬಂದಳು. ಆಣೆ ಇದ್ದದ್ದು ಆ ಮನೆಯ ಹಾಲಿಗಷ್ಟೇ. ಆದರೆ ಅಣ್ಣ ಹಾಲು ಹಾಕುವುದು ಡೇರಿಗೆ, ಅಲ್ಲಿ ಹತ್ತೂರ ಹಾಲು ಕೂಡಿ ಪಾಕೀಟಾಗಿ ಗೋಕಾಕಕ್ಕೆ ಬರುತ್ತದೆ. ಯಾವ ಪಾಕೀಟಿನಲ್ಲಿ ಅಣ್ಣನ ಎಮ್ಮೆಯ ಹನಿ ಇದೆಯೋ ಯಾರು ಬಲ್ಲರು? ಹಾಗಾಗಿ ಹಾಲೆಂಬುದನ್ನೇ ಬಿಟ್ಟಳು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಬಂದೀತೇ? ಸಿದ್ರಾಯ ಮತ್ತೆ ಪಂಚಮಿಗೆ ಕರೆಯಲು ಬರಲಿಲ್ಲ. ಅವಳು ಮಾತ್ರ ವರ್ಷವರ್ಷವೂ ಕಾದಳು. ತನ್ನ ಪಾಲನ್ನು ತಾನೇ ಹೇಳಿಕೊಳ್ಳುವುದು ಅವಳಿಂದಾಗದು; ತವರಿನಲ್ಲಿ ಯಾರಾದರೂ ತಾವಾಗಿಯೇ ತನ್ನನ್ನು ನೆನೆಯಲಿ ಎಂಬುದೊಂದೇ ಅವಳ ಆಸೆ.

ಈ ವರ್ಷ ಪಂಚಮಿಯ ಹಿಂದಿನ ದಿನ ಹಾಸ್ಟೆಲಿನ ಹುಡುಗಿಯರೆಲ್ಲ ಊರಿಗೆ ಹೋಗಿದ್ದರು. ಶೆಟ್ಟೆವ್ವ ಕೆಫೆಯಲ್ಲಿ ಸುಮ್ಮನೆ ಕೂತಿದ್ದಳು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೆಗಲ ಕಂಬಳಿ ಸರಿಮಾಡಿಕೊಂಡು ಒಳಗೆ ಬಂದವನು ಸಿದ್ರಾಯ. ಮುದುಕನಾಗಿದ್ದ. ಅವಳು ಮಡಚಿದ ಕಾಲು ಕೆಳಗಿಳಿಸಿದಳು. ನಂದಿನಿ ಅವನಿಗೂ ಚಹಾ ತಂದಿಟ್ಟಳು. ಒಂದು ಗುಟುಕು ಕುಡಿದು ಮುಖ ಕಿವಿಚಿದ.

“ಇದ್ಯಾವ ಎಮ್ಮಿದು?”

“ಶೇಂಗಾದ್ದಣ್ಣ.”

ಕಪ್ಪನ್ನು ದೂರ ಸರಿಸಿದ. “ಶೆಟ್ಟೆವ್ವಾ, ನಿನ್ನ ಪಾಲು ಕೊಡಾಕ ಬಂದೇನಿ.”

ಕಡೆಗೂ ತಿಳಿಯಿತಲ್ಲ ಎಂದುಕೊಂಡಳು.

“ಕಾಲುವಿ ಬಾಜೂಕಿನ ಎರಡ ಎಕರೆ ನಿನ್ನ ಹೆಸರಿಗೆ ಮಾಡ್ತೇನಿ. ನನಗೂ ವಯಸ್ಸಾತು. ಜಗಳ ಇಟಗೊಂಡ ಸಾಯಾಕ ಮನಸಿಲ್ಲ.”

“ನಾ ಹೊಲ ಕೇಳಿದ್ದಿಲ್ಲಣ್ಣ.”

“ಮತ್ತೇನ ಕೇಳಿದ್ದಿ?”

“ಹಾಲ ಎರಿಯೂ ಮುಂದ ವೈನಿ ಎಮ್ಮಿ ಪಾಲು ಅಂದ್ಲು. ನಂದು ಅನಲಿಲ್ಲ.”

“ಅಷ್ಟಕ್ಕ ಇಷ್ಟ ವರ್ಷ?”

“ಅಷ್ಟಕ್ಕ.”

“ಅವತ್ತ ಬಾಯಿಬಿಟ್ಟ ಹೇಳಬಾರದಿತ್ತೇನ? ನಡಿ ಊರಿಗೆ. ನಾಳೆ ರಾಯವ್ವನ ಕಡಿಂದ ಅನ್ನಸ್ತೇನಿ.”

“ಅನ್ನಿಸಿದ್ರ ಅದು ಪಾಲು ಆಗಂಗಿಲ್ಲಣ್ಣ. ನೀ ಹೋಗು, ಬಸ್ಸು ತಪ್ಪತೈತಿ.”

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ. ಎರಡು ಎಕರೆ ಕೊಡಲು ಬಂದವನಿಗೆ ‘ಶೆಟ್ಟೆವ್ವನ ಪಾಲು’ ಎಂಬ ಎರಡು ಮಾತನ್ನು ತಾನೇ ಅನ್ನಬಹುದೆಂದು ಹೊಳೆಯಲಿಲ್ಲ. ಅವನು ಓಣಿಯ ತಿರುವು ದಾಟುವ ತನಕ ಶೆಟ್ಟೆವ್ವ ಕಿಟಕಿಯಲ್ಲಿ ನೋಡಿದಳು. ಕೂಗಬೇಕೆನಿಸಿತು. ಎದ್ದು, ಅವನು ಬಿಟ್ಟುಹೋದ ಕಪ್ಪನ್ನು ಒಳಗೆ ಒಯ್ದಿಟ್ಟಳು.

ಮರುದಿನ ಕೆಫೆಗೆ ಸೂಟಿ. ಆದರೂ ಶೆಟ್ಟೆವ್ವ ಹಿತ್ತಲ ಬಾಗಿಲಿಗೆ ಬಂದು ಒಂದು ಬಟ್ಟಲು ಶೇಂಗಾ ಹಾಲು ಕೇಳಿದಳು. ಮುಟ್ಟಲು ಅವಳಿಗೆ ಬೇರೆ ಹಾಲೆಲ್ಲಿತ್ತು? ಹಬ್ಬದ ದಿನ ಅವಳೊಬ್ಬಳೇ ಹೋಗುವುದನ್ನು ನೋಡಲಾಗದೆ ನಂದಿನಿಯೂ ಜೊತೆಗೆ ನಡೆದಳು. ಓಣಿಯ ತುದಿಯ ಬೇವಿನ ಮರದ ಬುಡದಲ್ಲಿ ನಾಗರಕಲ್ಲು. ಅಲ್ಲಿ ಎರೆದು ಹೋದವರ ಹಾಲು ಇನ್ನೂ ಆರಿರಲಿಲ್ಲ. ಶೆಟ್ಟೆವ್ವ ಬಗ್ಗಿ ಮೆಲ್ಲಗೆ ಎರೆದಳು. ಅಪ್ಪನ ಪಾಲು. ಅವ್ವನ ಪಾಲು. ಗಂಡನ ಪಾಲು. ಅಣ್ಣನ ಪಾಲು. ಸ್ವಲ್ಪ ತಡೆದು, ವೈನಿಯ ಪಾಲು. ಆಮೇಲೆ ನೆಟ್ಟಗೆ ನಿಂತಳು.

ಬಟ್ಟಲಿನಲ್ಲಿ ಇನ್ನೂ ಒಂದು ಗುಟುಕು ಹಾಲಿತ್ತು.

“ಇದು ಯಾರ ಪಾಲ್ರಿ, ಅಕ್ಕಾರ?” ಎಂದಳು ನಂದಿನಿ.

“ಯಾರದೂ ಅಲ್ಲವಾ, ಹೆಚ್ಚಾಗಿದ್ದು” ಎಂದು ಶೆಟ್ಟೆವ್ವ ಬಟ್ಟಲನ್ನು ಅವಳ ಕೈಗೆ ಕೊಟ್ಟಳು.